ಕಾಕಾನ ಒಂದೇ ಪಟ್ಟು

ನಮ್ಮ ಕರಾಟೆ ಕ್ಲಾಸಿಗೆ ಮೊನ್ನೆ ಒಂದು ಪ್ಲಾಸ್ಟಿಕ್ ಪಿಸ್ತೂಲು ಬಂತು. ಎದೆಗಿಟ್ಟವನ ಕೈಯಿಂದ ಅದನ್ನು ಕಸಿಯುವುದು ಅವತ್ತಿನ ಪಾಠ. ಕಲಬುರಗಿಯ ಮೇ ತಿಂಗಳು, ಬೆಳಿಗ್ಗೆ ಆರಕ್ಕೇ ಬೆವರು. ನನಗೆ 48, ನನ್ನ ಬಲ ಮೊಣಕಾಲಿಗೆ ಇನ್ನೂ ಜಾಸ್ತಿ. ಮಗಳ ಜೊತೆ ಸುಮ್ನೆ ಸೇರಿದವನು. ಪಿಸ್ತೂಲು ತೋರಿಸುವಷ್ಟು ದುಡ್ಡು ನನ್ನ ಹತ್ತಿರ ಇದೆ ಅಂತ ಸೂಪರ್ ಮಾರ್ಕೆಟಿನ ಯಾವ ಕಳ್ಳನೂ ನಂಬಲಾರ.

ಹಾಗಾದರೆ ಯಾವುದನ್ನು ಕಲಿಯಬೇಕು? ಕರಾಟೆಯಲ್ಲಿ ಎದುರಾಳಿ ಇಲ್ಲದೆ ಒಬ್ಬರೇ ಮಾಡುವ ವರಸೆಗೆ ಕಾಟಾ ಅಂತಾರೆ. ಅದರಲ್ಲೊಂದು ಹೇಯಾನ್ ಶೋದಾನ್, ಅದು ಶುರುವಾಗುವುದೇ ಎಡಕ್ಕೆ ತಿರುಗಿ ಕೆಳಗೆ ತಡೆಯುವುದರಿಂದ. ಎಡಗಡೆಯಿಂದ ನನಗೆ ಈವರೆಗೆ ಯಾರೂ ಒದ್ದಿಲ್ಲ. ಒಮ್ಮೆ ಆಟೋದ ಕನ್ನಡಿ ಬಡಿದಿದೆ, ಅದೂ ಮೊಣಕೈಗೆ. ಜುಡೋದವರಿಗೂ ಇದೇ ತಲೆನೋವು. 1895ರಲ್ಲಿ 42 ಎಸೆತಗಳ ಪಟ್ಟಿ ಮಾಡಿದರು. 1920ರಲ್ಲಿ 8 ತೆಗೆದು 6 ಸೇರಿಸಿ 40 ಮಾಡಿದರು. 1982ರಲ್ಲಿ ಆ ಎಂಟನ್ನೂ ಮತ್ತೆ ಒಳಗೆ ಕರೆದುಕೊಂಡರು, ಅಟ್ಟಕ್ಕೆ ಹಾಕಿದ ಪಾತ್ರೆ ಇಳಿಸಿದ ಹಾಗೆ.

ಆ 40ರಲ್ಲಿ ಸೆಯೋಯ್ ನಾಗೆ ಅಂತ ಒಂದಿದೆ, ಎದುರಿನವನನ್ನು ಬೆನ್ನ ಮೇಲೆ ಹೊತ್ತು ಎಸೆಯುವುದು. ನೋಡಿದಾಗಲೆಲ್ಲ ನಮ್ಮ ಕಾಕಾ ನೆನಪಾಗುತ್ತಾರೆ.

ಆಳಂದದ ಕಡೆಯ ಪೈಲವಾನರು. ಅವರಿಗೆ ಬರುತ್ತಿದ್ದದ್ದು ಒಂದೇ ಪಟ್ಟು, ಧೋಬಿ ಪಛಾಡ. ತೋಳು ಹಿಡಿದು, ಬೆನ್ನು ಕೊಟ್ಟು, ಹೆಗಲ ಮೇಲಿಂದ ಒಗೆಯುವುದು. ನಮ್ಮ ಕಡೆ ಒಗೆಯುವುದು ಅಂದರೆ ಎಸೆಯುವುದೂ ಹೌದು, ಅಲ್ವಾ? ಜಾತ್ರೆಯಲ್ಲಿ ಹುಡುಗರ ಕುಸ್ತಿ ತೆಂಗಿನಕಾಯಿಗೆ, ಕೊನೆಯದು ಬೆಳ್ಳಿ ಕಡಗಕ್ಕೆ. ಕಾಕಾ ಇಳಿದರೆ ಹಲಗಿ ಬಾರಿಸುವವನೇ ಕೂಗುತ್ತಿದ್ದ: “ಒಗೀತಾರ ನೋಡಪಾ, ಈಗ ಒಗೀತಾರ!” ಎಲ್ಲರಿಗೂ ಗೊತ್ತಿತ್ತು. ಆದರೂ ಎದುರಿನವನು ಬೀಳುತ್ತಿದ್ದ. ತೊಗರಿ ಚೀಲವನ್ನೂ ಬಂಡಿಗೆ ಹಾಗೇ ಒಗೆಯುತ್ತಿದ್ದರು. ಮದುವೆಯಲ್ಲಿ ಅಪ್ಪಿಕೊಳ್ಳಲು ಹೋದರೆ ಬೀಗರು ತೋಳು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಒಂದು ವರ್ಷ ಕೊಲ್ಹಾಪುರದಲ್ಲಿ ತಾಲೀಮು ಮಾಡಿ ಬಂದ ಹುಡುಗನೊಬ್ಬ, “ಕಾಕಾ, ಇನ್ನೊಂದು ಡಾವು ಕಲೀರಿ” ಅಂತ ಕಾಲು ಹಾಕಿ ಬೀಳಿಸುವ ಟಾಂಗ್ ಹೇಳಿಕೊಟ್ಟ. ಮೂರು ತಿಂಗಳು ಮಣ್ಣಿನಲ್ಲಿ ಉರುಳಾಡಿ ಕಲಿತರು. ಆ ಜಾತ್ರೆಯಲ್ಲಿ ತೋಳು ಹಿಡಿದವರು ಒಂದು ಗಳಿಗೆ ತಡೆದರು. ಅಷ್ಟರಲ್ಲಿ ಬೆನ್ನಿಗೆ ಮಣ್ಣು ಹತ್ತಿತ್ತು. ರಾತ್ರಿ ರೊಟ್ಟಿ ಮುರಿಯುತ್ತಾ, “ಡಾವು ಛಲೋನೇ ಅದ. ನಡುವ ವಿಚಾರ ಮಾಡ್ದೆ ನೋಡು, ಅಲ್ಲೇ ಕೆಟ್ಟೆ” ಅಂದರು.

ಹಾಗಂತ ಒಂದೇ ಪಟ್ಟು ಸಾಕು ಅಂದುಬಿಡೋಣವೆಂದರೆ, ಅದೇ ಪಟ್ಟು ಹಾಕಿ ಹಾಕಿ ಅವರು ಸೊಂಟ ಹಿಡಿದು ತಿಂಗಳುಗಟ್ಟಲೆ ಮಲಗಿದ್ದೂ ನೆನಪಿದೆ.

ಮುಂದಿನ ವಾರ ಬೆಲ್ಟ್ ಪರೀಕ್ಷೆ. ಫೀ ಬೇರೆ, ಬೆಲ್ಟಿಗೆ ಬೇರೆ, ಸರ್ಟಿಫಿಕೇಟಿಗೆ ಬೇರೆ. ಪಿಸ್ತೂಲೇ ಇಲ್ಲದೆ ಜೇಬು ಖಾಲಿ ಮಾಡುವ ಈ ಪಟ್ಟಿಗೆ ತಡೆ ಯಾವುದು ಅಂತ ಕೇಳಿದೆ. ಮಾಸ್ತರರು ನಗಲಿಲ್ಲ.

“ಅಪ್ಪಾ, ಎಡಕ್ಕ!” ಅಂದಳು ಮಗಳು. ನಾನು ಬಲಕ್ಕೆ ತಿರುಗಿ ನಿಂತಿದ್ದೆ.