ಸತ್ಯಾಂಶ: ಹಾರಿಬಿದ್ದ ಹರ್ಮನ್ ಮಾಯರ್ ಅದೇ ರೇಸ್ ಗೆಲ್ಲಲಿಲ್ಲ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ಮಂಡ್ಯ, ಮೈಸೂರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫೋಟೊ ಓಡಾಡುತ್ತದೆ. ಹಿಮದ ಮೇಲೆ, ಗಾಳಿಯಲ್ಲಿ ಅಡ್ಡಡ್ಡ ತೇಲುತ್ತಿರುವ ಸ್ಕೀಯರ್ (ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟಗಾರ). 'ಬಿದ್ದ, ಎದ್ದ, ಅದೇ ರೇಸ್‌ನಲ್ಲಿ ಚಿನ್ನ ಗೆದ್ದ' ಎಂದು ಕೆಳಗೆ ಬರೆದಿರುತ್ತದೆ.

ಫೋಟೊ ನಿಜ. ಬರಹ ಸರಿಯಿಲ್ಲ.

ಅದು ಜಪಾನಿನ ನಾಗಾನೊದಲ್ಲಿ ನಡೆದ 1998ರ ಚಳಿಗಾಲದ ಒಲಿಂಪಿಕ್ಸ್, ಫೆಬ್ರವರಿ 13, ಪುರುಷರ ಡೌನ್‌ಹಿಲ್, ಅಂದರೆ ಬೆಟ್ಟದಿಂದ ವೇಗವಾಗಿ ಕೆಳಗಿಳಿಯುವ ಸ್ಕೀ ರೇಸ್. ಆಸ್ಟ್ರಿಯಾದ ಹರ್ಮನ್ ಮಾಯರ್ ತಿರುವಿನಲ್ಲಿ ಹತೋಟಿ ತಪ್ಪಿ ಹಾರಿದರು. ಸುರಕ್ಷತಾ ಬಲೆಗಳನ್ನೂ ದಾಟಿ ಮೆತ್ತನೆಯ ಹಿಮಕ್ಕೆ ಬಿದ್ದರು. ಭುಜಕ್ಕೂ ಮಂಡಿಗೂ ಪೆಟ್ಟಾಯಿತು. ಎದ್ದು ನಡೆದರು, ನಿಜ. ಆದರೆ ರೇಸ್ ಅಲ್ಲಿಗೇ ಮುಗಿದಿತ್ತು.

ಡೌನ್‌ಹಿಲ್‌ನಲ್ಲಿ ಒಬ್ಬರಿಗೆ ಒಂದೇ ಓಟ. ಒಲಿಂಪಿಕ್ಸ್‌ನಲ್ಲಿ ಪುರುಷರು ಇಳಿಯುವ ಎತ್ತರ 800 ಮೀಟರ್‌ಗೂ ಜಾಸ್ತಿ. ಮೈಸೂರಿನಿಂದ ಕಾಣುವ ಚಾಮುಂಡಿ ಬೆಟ್ಟದ ಎರಡು ಪಟ್ಟಿಗೂ ಹೆಚ್ಚು! ವೇಗ ಗಂಟೆಗೆ 100 ಕಿ.ಮೀ. ದಾಟುತ್ತದೆ. ದಾರಿ ಗುರುತಿಸಲು ನೆಟ್ಟ ಕಂಬಗಳ ಒಂದು ಗೇಟ್ ತಪ್ಪಿದರೂ ಆ ಓಟ ಲೆಕ್ಕಕ್ಕಿಲ್ಲ. ಗೆಲುವು ಸೆಕೆಂಡಿನ ನೂರನೇ ಭಾಗದಲ್ಲಿ ತೀರ್ಮಾನವಾಗುವ ಕಡೆ ಬಿದ್ದೆದ್ದು ಚಿನ್ನ ಗೆಲ್ಲೋದು ಹೇಗೆ, ಅಲ್ವಾ?

ಮಾಯರ್ ಚಿನ್ನ ಗೆದ್ದಿದ್ದು ಬೇರೆ ರೇಸ್‌ಗಳಲ್ಲಿ. ಮೂರು ದಿನದ ನಂತರ ಸೂಪರ್-ಜಿ, ಆಮೇಲೆ ಜೈಂಟ್ ಸ್ಲಾಲಮ್. ಹವಾಮಾನ ಕೆಟ್ಟು ಸೂಪರ್-ಜಿ ಮುಂದಕ್ಕೆ ಹೋಗಿದ್ದರಿಂದ ಚೇತರಿಸಿಕೊಳ್ಳಲು ಸ್ವಲ್ಪ ಸಮಯವೂ ಸಿಕ್ಕಿತು. ಇಷ್ಟು ನಿಜವೇ ಮೈ ಜುಮ್ಮೆನ್ನಿಸುತ್ತದೆ. ಅದಕ್ಕೆ ಸುಮ್ನೆ ಬಣ್ಣ ಹಚ್ಚಬೇಕಿಲ್ಲ.

ನನಗೆ ಬೇಜಾರಾಗುವುದು ಇನ್ನೊಂದಕ್ಕೆ. ಆ ಡೌನ್‌ಹಿಲ್ ಚಿನ್ನ ಗೆದ್ದವರು ಫ್ರಾನ್ಸ್‌ನ ಜಾನ್-ಲುಕ್ ಕ್ರೆತಿಯೆ. ವಿಶ್ವಕಪ್‌ನಲ್ಲಿ ಅದುವರೆಗೆ ಒಂದು ರೇಸನ್ನೂ ಗೆದ್ದಿರದ, 31 ವರ್ಷದ ಆಟಗಾರ. ಫಾರ್ವರ್ಡ್‌ನಲ್ಲಿ ಅವರ ಹೆಸರೇ ಇಲ್ಲ.