ಮಳೆ ಲೆಕ್ಕಕ್ಕೊಂದು ಉಪಸಮಿತಿ

ಕೊಡಗಿನ ಬೆಳೆಗಾರ ಮಳೆಯನ್ನು ಮಿಲಿಮೀಟರಿನಲ್ಲಿ ಲೆಕ್ಕ ಹಾಕುವುದಿಲ್ಲ. ಸರ್ಕಾರ ಹಾಕುತ್ತದೆ, ಅದು ಅದರ ಕರ್ಮ. ನಮಗೆ ಮಳೆ ಎಂದರೆ ಇಂಚು ಮತ್ತು ಸೆಂಟ್, ನೂರು ಸೆಂಟಿಗೆ ಒಂದು ಇಂಚು. ಬೆಳಗಿನ ಕಾಫಿಗೂ ಮುಂಚೆ ಅಂಗಳದ ಮಳೆಮಾಪಕದ ನೀರನ್ನು ಗಾಜಿನ ಕೊಳವೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ಪುಸ್ತಕದಲ್ಲಿ ಬರೆದಿಟ್ಟು, ನಾಪೋಕ್ಲಿನ ಭಾವನಿಗೆ ಫೋನ್ ಮಾಡಿ ಅವನಲ್ಲಿ ನಮಗಿಂತ ಹತ್ತು ಸೆಂಟ್ ಕಡಿಮೆ ಎಂದು ತಿಳಿದ ಮೇಲೆಯೇ ನಮ್ಮ ದಿನ ಆರಂಭವಾಗುವುದು.

ನಮ್ಮೂರಿನ ಬೆಳೆಗಾರರ ಸಂಘಕ್ಕೆ ಈ ಲೆಕ್ಕವನ್ನು ಕಂಪ್ಯೂಟರಿಗೆ ಹತ್ತಿಸುವ ಉತ್ಸಾಹ ಬಂದದ್ದು ಕಳೆದ ವರ್ಷ ಕಾಫಿ ಹೂ ಅರಳಿಸುವ ಹೂಮಳೆಯ ಹೊತ್ತಿಗೆ. ಎಂಜಿನಿಯರಿಂಗ್ ಓದುತ್ತಿದ್ದ ಸದಸ್ಯರೊಬ್ಬರ ಮಗಳು ಎರಡು ಭಾನುವಾರ ಕುಳಿತು ಪೈಥಾನ್ ಭಾಷೆಯಲ್ಲಿ 140 ಸಾಲುಗಳ ಪ್ರೋಗ್ರಾಂ ಬರೆದುಕೊಟ್ಟಳು. ತೋಟಗಳಿಂದ ಬಂದ ಅಂಕಿಗಳನ್ನು ಒಟ್ಟು ಮಾಡುವುದು, ಇಂಚನ್ನು 25.4ರಿಂದ ಗುಣಿಸಿ ಮಿಲಿಮೀಟರು ಮಾಡುವುದು, ಪಟ್ಟಿ ಕಟ್ಟುವುದು, ಪಿಡಿಎಫ್ ಹಾಳೆ ತೆಗೆಯುವುದು: ನಾಲ್ಕೇ ಹೆಜ್ಜೆ, ನಾಲ್ಕೇ ಕಮಾಂಡು. ಅವನ್ನು ಸರಿಯಾದ ಕ್ರಮದಲ್ಲಿ, ಅಗತ್ಯ ಬಿದ್ದಾಗ ಮಾತ್ರ ಓಡಿಸುವ ಸಾಧನವೊಂದು ಬೇಕಾಗಿತ್ತು. ಸಾಫ್ಟ್‌ವೇರ್ ಲೋಕದಲ್ಲಿ ಇದಕ್ಕೆ ಬಿಲ್ಡ್ ಟೂಲ್ ಎನ್ನುತ್ತಾರೆ. ಯಾವ ಬಿಲ್ಡ್ ಟೂಲ್ ಎಂದು ತೀರ್ಮಾನಿಸಲು ಏಳು ಜನರ ಉಪಸಮಿತಿ ನೇಮಕವಾಯಿತು. ನನಗೆ ಕಂಪ್ಯೂಟರ್ ಬರುತ್ತದೆ ಎಂಬ ಅಪವಾದ ಊರಿನಲ್ಲಿ ಮೊದಲಿನಿಂದಲೂ ಇದ್ದುದರಿಂದ ಏಳನೆಯವನಾಗಿ ನನ್ನನ್ನೂ ಸೇರಿಸಿಕೊಂಡರು.

ಮೊದಲ ಸಭೆಯಲ್ಲಿ ನಾನು ಮೇಕ್ ಸಾಕು ಎಂದೆ. ಸ್ಟುವರ್ಟ್ ಫೆಲ್ಡ್‌ಮನ್ ಎಂಬವರು 1976ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಬರೆದ ಸಾಧನವಿದು. 2003ರಲ್ಲಿ ಅವರಿಗೆ ಕಂಪ್ಯೂಟರ್ ತಜ್ಞರ ಸಂಸ್ಥೆಯಾದ ಎಸಿಎಂನ ಪ್ರಶಸ್ತಿಯನ್ನೂ ತಂದುಕೊಟ್ಟಿತು. ಅದು ಕೆಲಸ ಮಾಡುವ ರೀತಿಯನ್ನು ನಾನು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹೋಲಿಸಿ ವಿವರಿಸಿದೆ. ಹೊಸ ಹಣ್ಣು ಬಂದಿದ್ದರೆ ಮಾತ್ರ ಪಲ್ಪರ್ ತಿರುಗಬೇಕು, ಪಲ್ಪರಿನಿಂದ ಹೊಸ ಬೀಜ ಇಳಿದಿದ್ದರೆ ಮಾತ್ರ ತೊಟ್ಟಿಯಲ್ಲಿ ತೊಳೆಯಬೇಕು, ತೊಳೆದದ್ದಿದ್ದರೆ ಮಾತ್ರ ಕಣದಲ್ಲಿ ಹರವಬೇಕು. ನಿನ್ನೆ ಒಣಗಿಸಿ ಚೀಲಕ್ಕೆ ತುಂಬಿದ್ದನ್ನು ಇಂದು ಯಾರೂ ಮತ್ತೆ ಪಲ್ಪರಿಗೆ ಸುರಿಯುವುದಿಲ್ಲ. ಮೇಕ್ ಪ್ರತಿ ಹೆಜ್ಜೆಯಲ್ಲೂ ಎರಡು ಫೈಲುಗಳು ಕೊನೆಯದಾಗಿ ಬದಲಾದ ಸಮಯವನ್ನು ಹೋಲಿಸುತ್ತದೆ. ಮೂಲ ಹೊಸದಾಗಿದ್ದು ಅದರಿಂದ ತಯಾರಾದದ್ದು ಹಳೆಯದಾಗಿದ್ದರೆ ಮಾತ್ರ ಆ ಹೆಜ್ಜೆಯನ್ನು ಮತ್ತೆ ಮಾಡುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ.

ಎಲ್ಲರೂ ತಲೆದೂಗಿದರು. ಆದರೆ ತಮ್ಮ ಅಜ್ಜ ತಂದ ಪಲ್ಪರಿನಲ್ಲೇ ಇಂದಿಗೂ ಹಣ್ಣು ಬಿಡಿಸುವ ಅಧ್ಯಕ್ಷರು 1976 ಎಂಬುದನ್ನು ಕೇಳಿ ಮೂಗು ಮುರಿದರು. "ಅಲ್ಲ ಮಾರಾಯರೇ, ಇಷ್ಟು ಹಳೆಯದನ್ನು ತಂದರೆ ಮಹಾಸಭೆಯಲ್ಲಿ ನಾನು ಏನೆಂದು ಹೇಳಲಿ?"

ಮೇಕ್‌ಗೆ ಒಂದು ಕೆಟ್ಟ ಅಭ್ಯಾಸವಿದೆ ಎಂಬುದನ್ನು ನಾನು ಮುಚ್ಚಿಡಲಿಲ್ಲ. ಪ್ರತಿ ಕಮಾಂಡಿನ ಸಾಲೂ ಟ್ಯಾಬ್ ಒತ್ತಿಯೇ ಆರಂಭವಾಗಬೇಕು. ಇದು ಸರಿಯಿಲ್ಲವೆಂದು ಫೆಲ್ಡ್‌ಮನ್ ಅವರಿಗೇ ಬೇಗನೆ ತಿಳಿದಿತ್ತಂತೆ. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಮಂದಿ ಅದನ್ನು ಬಳಸುತ್ತಿದ್ದುದರಿಂದ, ಅವರಿಗೆ ತೊಂದರೆಯಾಗದಿರಲೆಂದು ಹಾಗೆಯೇ ಬಿಟ್ಟರು. ಹತ್ತು ಹನ್ನೆರಡು ಮಂದಿಯ ದಾಕ್ಷಿಣ್ಯಕ್ಕೆ ಲೋಕವೆಲ್ಲ ಅರ್ಧ ಶತಮಾನ ಟ್ಯಾಬ್ ಒತ್ತಿದೆ. ನಮ್ಮ ಕಾರ್ಯದರ್ಶಿಗಳು ಪತ್ರ ಬರೆಯುವ ಅಭ್ಯಾಸದಂತೆ ಅಂದವಾಗಿ ಎಂಟು ಸ್ಪೇಸ್ ಕೊಟ್ಟು ಸಾಲುಗಳನ್ನು ಜೋಡಿಸಿದರು. ಎಂಟು ಸ್ಪೇಸಿನ ಬದಲು ಟ್ಯಾಬ್ ಎಂದಿದ್ದಿರಾ ಎಂದು ಮೇಕ್ ಕೇಳಿತು, ಕೇಳಿ ನಿಂತುಬಿಟ್ಟಿತು. "ಅಷ್ಟು ಗೊತ್ತಿದ್ದ ಮೇಲೆ ಅದೇ ಹಾಕಿಕೊಳ್ಳಬಹುದಿತ್ತಲ್ಲ?" ಎಂದು ಕಾರ್ಯದರ್ಶಿಗಳು ಸಿಟ್ಟಾದರು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಹೀಗೆ ಆಯ್ಕೆಯ ಬಾಗಿಲು ತೆರೆಯಿತು. ಜೇಮ್ಸ್ ಡಂಕನ್ ಡೇವಿಡ್‌ಸನ್ ಬರೆದ, 2000ದ ಇಸವಿಯಲ್ಲಿ ಹೊರಬಂದ ಆಂಟ್ ಎಂಬುದಿದೆ, ಅದಕ್ಕೆ ಟ್ಯಾಬಿನ ಹಂಗಿಲ್ಲ, ಎಲ್ಲವನ್ನೂ ಎಕ್ಸ್‌ಎಂಎಲ್‌ನಲ್ಲಿ ಬರೆದರಾಯಿತು ಎಂದು ಒಬ್ಬರು ಹೇಳಿದರು. ಒಂದು ಫೈಲನ್ನು ನಕಲು ಮಾಡು ಎಂಬ ಮಾತಿಗೆ ಕೋನಾಕೃತಿಯ ಆವರಣಗಳ ಬೇಲಿ ಹಾಕಿ, ಬೇಲಿಗೆ ಗೇಟು ಇಟ್ಟು, ಗೇಟನ್ನು ಮತ್ತೆ ಮುಚ್ಚಬೇಕು. ತೋಟಕ್ಕೆ ಬೇಲಿ ಹಾಕಿಸಿಯೇ ಸಾಲ ಮಾಡಿಕೊಂಡ ಸದಸ್ಯರು ಅದನ್ನು ಒಪ್ಪಲಿಲ್ಲ. ಅನಂತರ ಮೇವನ್ ಬಂತು. ಇದು ಶಿಸ್ತಿನ ಸೊಸೆಯಂತೆ ಯಾವ ವಸ್ತು ಯಾವ ಕಪಾಟಿನಲ್ಲಿರಬೇಕೆಂದು ತಾನೇ ಗೊತ್ತುಮಾಡುತ್ತದೆ, ಬೇಕಾದ ಸಾಮಾನನ್ನೆಲ್ಲ ಇಂಟರ್ನೆಟ್ಟಿನಿಂದ ತಾನೇ ತರಿಸಿಕೊಳ್ಳುತ್ತದೆ. ಮನೆಯ ಹಿಂದಿನ ದಿಬ್ಬ ಹತ್ತಿ, ಹಲಸಿನ ಮರದ ಪಕ್ಕ ನಿಂತು, ಮೊಬೈಲನ್ನು ಕೈಯೆತ್ತಿ ಹಿಡಿದರೆ ಮಾತ್ರ ಎರಡು ಕಡ್ಡಿ ನೆಟ್‌ವರ್ಕ್ ಸಿಗುವ ಊರಿನಲ್ಲಿ ಅದು ಮೊದಲ ಬಾರಿ ತರಿಸಿಕೊಳ್ಳಲು ಹೊರಟದ್ದು ಮುಗಿಯುವಷ್ಟರಲ್ಲಿ ಹೂವೆಲ್ಲ ಕಾಯಿ ಕಚ್ಚಿತ್ತು. ಗ್ರೇಡಲ್ ಎಂಬ ಇನ್ನೊಂದು ಸಾಧನದ ಬಗ್ಗೆಯೂ ಒಂದು ಇಡೀ ಮಧ್ಯಾಹ್ನ ಚರ್ಚೆಯಾಯಿತು. ನಮ್ಮ ಪ್ರೋಗ್ರಾಂ ಇರುವುದು ಪೈಥಾನ್‌ನಲ್ಲಿ, ಈ ಮೂರೂ ಮುಖ್ಯವಾಗಿ ಜಾವಾದವರ ಮನೆಯವು ಎಂಬುದು ಬೆಳಕಿಗೆ ಬಂದದ್ದು ಮೂರನೆಯ ಸಭೆಯ ಕೊನೆಯಲ್ಲಿ, ಕಡಂಬಿಟ್ಟು ಬಡಿಸುವ ಹೊತ್ತಿಗೆ.

ನಾಲ್ಕನೆಯ ಸಭೆಗೆ ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವ ಯುವಕರೊಬ್ಬರನ್ನು ವಿಶೇಷ ಆಹ್ವಾನಿತರಾಗಿ ಕರೆಸಲಾಯಿತು. ವೆಬ್‌ಸೈಟ್ ಕಟ್ಟುವವರ ಬಿಲ್ಡ್ ಟೂಲ್‌ಗಳ ಪೈಕಿ 2012ರಲ್ಲಿ ಗ್ರಂಟ್ ಬಂದಾಗ ಎಲ್ಲರೂ ಅದನ್ನು ಹೇಗೆ ಕಲಿತರು, ಮರುವರ್ಷವೇ ಗಲ್ಪ್ ಬಂದಾಗ ಗ್ರಂಟ್ ಬಳಸುವವರನ್ನು ಹೇಗೆ ಕನಿಕರದಿಂದ ನೋಡಿದರು, ವೆಬ್‌ಪ್ಯಾಕ್ ಬಂದಾಗ ಗಲ್ಪಿನವರ ಮರ್ಯಾದೆ ಹೇಗೆ ಹೋಯಿತು, ವೀಟ್ ಬಂದ ಮೇಲೆ ವೆಬ್‌ಪ್ಯಾಕಿನ ಹೆಸರೆತ್ತುವವರು ಹೇಗೆ ದನಿ ತಗ್ಗಿಸುತ್ತಾರೆ ಎಂಬ ವಂಶಾವಳಿಯನ್ನು ಅವರು ಕುಲದ ಐನ್‌ಮನೆಯ ಹಿರಿಯರು ಮೂಲಪುರುಷರಾದ ಕಾರಣವರನ್ನು ನೆನೆಯುವ ಗಾಂಭೀರ್ಯದಿಂದ ವಿವರಿಸಿದರು. ಖಜಾಂಚಿಗಳಿಗೆ ದಿಗಿಲಾದದ್ದು ಮಾತ್ರ 2016ರ ಮಾರ್ಚ್ ತಿಂಗಳ ಕಥೆಯಿಂದ. ಅಕ್ಷರಗಳ ಎಡಕ್ಕೆ ಖಾಲಿ ಜಾಗ ತುಂಬುವ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ತುಣುಕೊಂದನ್ನು ಅದರ ಕರ್ತೃ ಎಲ್ಲರೂ ಕೋಡ್ ತರಿಸಿಕೊಳ್ಳುವ ಎನ್‌ಪಿಎಂ ಭಂಡಾರದಿಂದ ಹಿಂದಕ್ಕೆ ಪಡೆದದ್ದೇ ತಡ, ಅದನ್ನು ನಂಬಿದ್ದ ಸಾವಿರಾರು ಕಡೆಯ ಬಿಲ್ಡ್‌ಗಳು ಒಟ್ಟಿಗೆ ಮುರಿದುಬಿದ್ದವು. "ಖಾಲಿ ಜಾಗವನ್ನೂ ಹೊರಗಿನಿಂದ ತರಿಸುತ್ತಾರಾ?" ಎಂದು ಖಜಾಂಚಿಗಳು ಕೇಳಿದರು. ಯುವಕರು ಹೌದೆಂದರು. ಅದು ಖಜಾಂಚಿಗಳು ಸಭೆಯಲ್ಲಿ ಆಡಿದ ಕೊನೆಯ ಮಾತು.

ಯುವಕರ ಅಂತಿಮ ಸಲಹೆ ಬೇಜಲ್. ಗೂಗಲ್ ತನ್ನ ಒಳಗಿನ ಬಳಕೆಗೆಂದು ಕಟ್ಟಿಕೊಂಡು 2015ರಲ್ಲಿ ಹೊರಗಿನವರಿಗೂ ಬಿಟ್ಟುಕೊಟ್ಟ ಸಾಧನವದು. ಆ ಕಾಲಕ್ಕೆ ಗೂಗಲ್‌ನ ಭಂಡಾರದಲ್ಲಿ ಸುಮಾರು 200 ಕೋಟಿ ಸಾಲು ಕೋಡ್ ಇತ್ತು. ನಮ್ಮದು 140 ಎಂದು ನಾನು ನೆನಪಿಸಿದೆ. "ಸಂಘ ಬೆಳೆಯುವುದು ಬೇಡವೇ?" ಎಂದು ಅಧ್ಯಕ್ಷರು ಕೇಳಿದರು.

ಸಾಧನಗಳು ಒಂಬತ್ತಾದುದರಿಂದ ಹೋಲಿಕೆಯ ಪಟ್ಟಿಯೊಂದು ಸಿದ್ಧವಾಯಿತು. ವೇಗ, ಕಲಿಯುವ ಸುಲಭ, ಜನಪ್ರಿಯತೆ, ಭವಿಷ್ಯ ಎಂಬ ಕಾಲಂಗಳಿದ್ದವು. ನಮ್ಮ ಕೆಲಸಕ್ಕೆ ಬೇಕೇ ಎಂಬ ಕಾಲಂ ಅಗಲ ಸಾಲದೆ ಬಿಟ್ಟುಹೋಯಿತು. ಹೊಸ ಆವೃತ್ತಿಗಳು ಬಂದಂತೆಲ್ಲ ಪಟ್ಟಿಯನ್ನು ಕೈಯಿಂದ ತಿದ್ದುವುದು ಕಷ್ಟ, ಅದನ್ನು ತಾನಾಗಿಯೇ ತಯಾರಾಗುವಂತೆ ಮಾಡಬೇಕು ಎಂಬ ಸೂಚನೆ ಬಂತು. ಅದಕ್ಕೆ ಯಾವ ಸಾಧನ ಬಳಸುವುದೆಂದು ಪರಿಶೀಲಿಸಲು ಇನ್ನೂ ಮೂವರು ನೇಮಕವಾದರು.

ಈ ನಡುವೆ ಮಳೆಗಾಲದ ಕಕ್ಕಡ ತಿಂಗಳು ಕಳೆಯಿತು, ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬ ಮುಗಿಯಿತು, ತಲಕಾವೇರಿಯಲ್ಲಿ ತೀರ್ಥೋದ್ಭವವಾಯಿತು. ಹುತ್ತರಿಗೆ ಕದಿರು ತೆಗೆಯುವ ಗಳಿಗೆಯನ್ನು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ಎಂದಿನಂತೆ ಒಂದೇ ಕೂಟದಲ್ಲಿ ಗೊತ್ತುಪಡಿಸಿದರು, ನಾಡಿಗೆ ನಾಡೇ ಅದರಂತೆ ಗದ್ದೆಗೆ ಇಳಿಯಿತು. ಅಲ್ಲಿ ಹೋಲಿಕೆಯ ಪಟ್ಟಿ ಇರಲಿಲ್ಲ.

ಮಳೆಯ ಹಾಳೆ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಸಂಘದ ಲೆಕ್ಕ ಬರೆಯುವ ರೈಟರು ಆ ಹುಡುಗಿ ಬರೆದುಕೊಟ್ಟಿದ್ದ ನಾಲ್ಕು ಕಮಾಂಡುಗಳ ಚೀಟಿಯನ್ನು ಅನ್ನದ ಅಂಟಿನಿಂದ ಗೋಡೆಗೆ ಹಚ್ಚಿಕೊಂಡು, ಪ್ರತಿದಿನ ಬೆಳಗ್ಗೆ ಎಡಗೈಯ ತೋರುಬೆರಳನ್ನು ಚೀಟಿಯ ಮೇಲಿಟ್ಟು ಬಲಗೈಯ ತೋರುಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತಿದ್ದರು. ಉಪಸಮಿತಿಯ ಯಾವ ವರದಿಯಲ್ಲೂ ಅವರ ಪ್ರಸ್ತಾಪವಿಲ್ಲ.

ಈ ವರ್ಷ ಜುಲೈಯ ಸಭೆಯಲ್ಲಿ ಮೇಕ್ ಕೆಲಸ ಮಾಡುವುದನ್ನು ಕಣ್ಣಾರೆ ತೋರಿಸಲು ನನಗೆ ಅವಕಾಶ ಕೊಟ್ಟರು. ಸಂಘದಲ್ಲಿರುವುದು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಬೋರ್ಡು. ಅದರೊಳಗೆ ಬ್ಯಾಟರಿಯ ಗಡಿಯಾರವಿಲ್ಲ. ಕರೆಂಟು ಹೋಗಿ ಬಂದರೆ ಕೊನೆಯ ಬಾರಿ ಬರೆದಿಟ್ಟುಕೊಂಡ ಸಮಯದಿಂದಲೇ ಮತ್ತೆ ಎಣಿಸತೊಡಗುತ್ತದೆ, ಇಂಟರ್ನೆಟ್ ಸಿಕ್ಕಾಗ ತಿದ್ದಿಕೊಳ್ಳುತ್ತದೆ. ಮಂಗಳವಾರ ಬೆಳಗ್ಗೆ 8.40ಕ್ಕೆ ಹಾಳೆ ತಯಾರಾಗಿತ್ತು, 8.50ಕ್ಕೆ ಲೈನಿನ ಮೇಲೆ ಮರ ಬಿದ್ದಿತ್ತು. ಗುರುವಾರ ಸಭೆಗೆ ಹತ್ತು ನಿಮಿಷ ಮೊದಲು ಕರೆಂಟು ಬಂತು, ನೆಟ್‌ವರ್ಕ್ ಬರಲಿಲ್ಲ. ಬೋರ್ಡಿನ ಪಾಲಿಗೆ ಅದು ಇನ್ನೂ ಮಂಗಳವಾರ 8.17. ರೈಟರು ಹೊಸ ಅಂಕಿಗಳನ್ನು ತುಂಬಿದಾಗ ಅದರ ಗಡಿಯಾರದಲ್ಲಿ 8.30 ಆಗಿತ್ತು. ಹಾಳೆ 8.40ರದ್ದು, ಅಂಕಿಗಳು 8.30ರವು, ಹಣ್ಣಿಗಿಂತ ಬೀಜವೇ ಹೊಸದು. ನಾಲ್ಕೂ ಹೆಜ್ಜೆಗೆ ಸೇರಿ ಆಲ್ ಎಂದು ಹೆಸರಿಟ್ಟಿದ್ದೆ. ಇದೊಂದೂ ತಿಳಿಯದ ನಾನು ಎಲ್ಲರನ್ನೂ ಹತ್ತಿರ ಕರೆದು, ಮೇಕ್ ಎಂದು ಒತ್ತಿದೆ. 'ನಥಿಂಗ್ ಟು ಬಿ ಡನ್ ಫಾರ್ ಆಲ್' ಎಂದು ಪರದೆಯ ಮೇಲೆ ಮೂಡಿತು.

ಕಾರ್ಯದರ್ಶಿಗಳು ಕನ್ನಡಕ ಸರಿಮಾಡಿಕೊಂಡು ಅದನ್ನು ಎರಡು ಬಾರಿ ಓದಿದರು, ನಡಾವಳಿ ಪುಸ್ತಕ ತೆರೆದರು, ಬರೆದುಕೊಂಡರು: "ಎಲ್ಲರ ಪರವಾಗಿ ಮಾಡಬೇಕಾದದ್ದು ಏನೂ ಉಳಿದಿಲ್ಲವೆಂದು ಕಂಡುಬಂದುದರಿಂದ ಉಪಸಮಿತಿಯ ಕಾರ್ಯ ಪೂರ್ಣಗೊಂಡಿತೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಅಧ್ಯಕ್ಷರು ಸಹಿ ಹಾಕಿದರು. ಕರೆಂಟು ಮತ್ತೆ ಹೋಯಿತು.

ಮೂಲೆಯಲ್ಲಿ ಟಾರ್ಚ್ ಹೊತ್ತಿಸಿ, ಪೆನ್ಸಿಲಿನಿಂದ ಕೂಡಿಸುತ್ತಿದ್ದ ರೈಟರು ತಲೆಯೆತ್ತಿದರು. "ಸಾರ್, ಇವತ್ತಿನದು ಏಳು ಇಂಚು ನಲವತ್ತು ಸೆಂಟ್. ಹಲಗೆಗೆ ಬರೆದು ತೂಗುಹಾಕಲಾ?"