ಹುಡುಗರಿಗೆ ಹೊರಬರುವ ಬಾಗಿಲು ಬೇಕು

ಕೋಮುದ್ವೇಷದ ಮಾತು ಬಂದಾಗಲೆಲ್ಲ ನಮ್ಮ ರಾಯಚೂರು ಕಡೆಯವರು ಕೊಡುವ ಉತ್ತರ ಒಂದೇ: "ನಮ್ಮಲ್ಲಿ ಅದೆಲ್ಲ ನಡೆಯಂಗಿಲ್ರಿ, ಮೊಹರಂಗೆ ಬಂದು ನೋಡ್ರಿ." ಮಾತು ಸುಳ್ಳಲ್ಲ. ಮುದಗಲ್ಲಿನ ಹುಸೇನಿ ಆಲಂ (ಮೊಹರಂನಲ್ಲಿ ಕೂರಿಸುವ ದೇವರ ಲಾಂಛನ) ನೋಡಲು ಎಲ್ಲ ಜಾತಿಯವರೂ ಸೇರುತ್ತಾರೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಮೊಹರಂ ಬೆಂಕಿಗಾಗಿ ಅಲಾಯಿ ಕುಣಿ ಎಂಬ ಗುಂಡಿ ತೋಡುತ್ತಾರೆ, ಹರಕೆ ಹೊತ್ತವರು ಫಕೀರರಾಗುತ್ತಾರೆ, ಹೆಣ್ಣುಮಕ್ಕಳು ಚೊಂಗೆ ಎಂಬ ಸಿಹಿ ತಿನಿಸು ಮಾಡಿ ದೇವರ ಮುಂದೆ ಓದಿಸಿಕೊಂಡು ಬರುತ್ತಾರೆ. ಇಂಥ ಊರಿನಲ್ಲಿ ಹುಟ್ಟಿದ್ದು ನನ್ನ ಪುಣ್ಯ.

ಆದರೆ ಹಬ್ಬ ಹತ್ತು ದಿನದ್ದು. ಮಿಕ್ಕ ದಿನಗಳಲ್ಲಿ ಹುಡುಗರ ಕೈಗೆ ಸಿಗುವುದು ಮೊಬೈಲ್. ಹೋದ ಸಲ ಊರಿಗೆ ಹೋದಾಗ ಕಾಕಾನ ಮಗ ಒಂದು ವಿಡಿಯೊ ತೋರಿಸಿದ. ಐಟಿಐ ಮುಗಿಸಿ ಕೆಲಸವಿಲ್ಲದೆ ಕೂತವನು. "ಇವರನ್ನೆಲ್ಲ ಊರು ಬಿಡಿಸಬೇಕು ನೋಡಣ್ಣಾ" ಎಂದ. ಯಾರನ್ನು? ಸಣ್ಣವನಿದ್ದಾಗ ಅವನಿಗೆ ಜ್ವರ ಬಂದರೆ ಹೆಗಲ ಮೇಲೆ ಹೊತ್ತುಕೊಂಡು ದವಾಖಾನೆಗೆ ಓಡುತ್ತಿದ್ದ ಪಕ್ಕದ ಮನೆಯ ಚಾಚಾನ ಮನೆಯವರನ್ನು. ಕಾಕಾ ಬಾಯಿಗೆ ಬಂದಂತೆ ಬೈದರು, ಚಿಗವ್ವ ಅತ್ತಳು. ಅವನು ಬೈಕ್ ಹತ್ತಿ ಗೆಳೆಯರ ಕಡೆ ಹೋದ. ಆ ಗೆಳೆಯರು ಅವನನ್ನು ಕರೆದು ಕೂರಿಸಿಕೊಳ್ಳುತ್ತಾರೆ, ಚಹಾ ಕುಡಿಸುತ್ತಾರೆ, ಮಾಡಲು ಏನಾದರೊಂದು ಹಚ್ಚುತ್ತಾರೆ. ಮನೆಯಲ್ಲಿ ಅವನಿಗೆ ಸಿಗದೇ ಇದ್ದದ್ದು ಇದೇ.

ನಾನೀಗ ಇರುವ ಜರ್ಮನಿಯಲ್ಲೂ ಹುಡುಗರು ಹೀಗೇ ಜಾರುತ್ತಾರೆ. ಇಲ್ಲಿ ವ್ಯತ್ಯಾಸವೆಂದರೆ, ಅವರನ್ನು ವಾಪಸ್ ಕರೆತರುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಪೊಲೀಸ್ ಇಲಾಖೆಯಲ್ಲಿ ಅಪರಾಧ ತಜ್ಞರಾಗಿದ್ದ ಬೆರ್ನ್ಡ್ ವಾಗ್ನರ್ ಮತ್ತು ಹಿಂದೆ ಸ್ವತಃ ನವನಾಜಿ (ಹಿಟ್ಲರನ ವಿಚಾರವನ್ನು ಈಗಲೂ ನಂಬುವ ಗುಂಪು) ಮುಂದಾಳಾಗಿದ್ದ ಇಂಗೊ ಹಾಸೆಲ್‌ಬಾಖ್ ಸೇರಿ 2000ದಲ್ಲಿ 'ಎಕ್ಸಿಟ್ ಡಾಯ್ಚ್‌ಲಾಂಡ್' ಕಟ್ಟಿದರು. ಹೊರಬರಲು ಮನಸ್ಸು ಮಾಡಿದವನಿಗೆ ಸುರಕ್ಷಿತ ಜಾಗ, ಹೊಸ ಬದುಕಿನ ದಾರಿ ತೋರಿಸಿ, ಅವನು ನಂಬಿದ್ದ ವಿಚಾರಗಳನ್ನು ಅವನ ಜೊತೆ ಕೂತು ಒಂದೊಂದಾಗಿ ಬಿಡಿಸುತ್ತಾರೆ.

2011ರ ಆಗಸ್ಟ್‌ನಲ್ಲಿ ಗೇರಾ ಎಂಬ ಊರಿನಲ್ಲಿ ನವನಾಜಿಗಳ ಸಂಗೀತ ಕಾರ್ಯಕ್ರಮವಿತ್ತು. ಎಕ್ಸಿಟ್‌ನವರು ಹೆಸರು ಹೇಳದೆ ಅಲ್ಲಿಗೆ 250 ಟಿ-ಶರ್ಟ್ ಕಳಿಸಿದರು. ಮೇಲೆ ತಲೆಬುರುಡೆ, ಬಾವುಟ, ಅವರದೇ ಬಗೆಯ ಘೋಷಣೆ. ಹುಡುಗರು ಖುಷಿಯಿಂದ ತೊಟ್ಟರು. ಮನೆಗೆ ಹೋಗಿ ಒಗೆದಾಗ ಮೇಲಿನ ಬಣ್ಣ ಹೋಗಿ ಕೆಳಗಿನ ಅಕ್ಷರ ಎದ್ದವು: ಈ ಅಂಗಿಗೆ ಸಾಧ್ಯವಾದದ್ದು ನಿನಗೂ ಸಾಧ್ಯ, ಹೊರಬರಲು ನಾವು ನೆರವಾಗುತ್ತೇವೆ. ನಾಲ್ಕು ಜನರ ಎದುರು ಮಾನ ಕಳೆಯಲಿಲ್ಲ, ಗುಂಪಿನಿಂದ ದೂರ ಒಬ್ಬನೇ ಇರುವಾಗ ಮಾತಾಡಿಸಿದರು. ಇಷ್ಟು ಸೂಕ್ಷ್ಮ ನಮ್ಮ ಹಿರಿಯರಿಗೂ ಬರಬೇಕು.

ಇಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. 2020ರ ಫೆಬ್ರುವರಿ 19ರಂದು ಹನಾವ್‌ನಲ್ಲಿ ವಲಸೆ ಬಂದ ಕುಟುಂಬಗಳ ಒಂಬತ್ತು ಜನರನ್ನು ಒಬ್ಬ ಜನಾಂಗದ್ವೇಷಿ ಗುಂಡಿಟ್ಟು ಕೊಂದ. ಕಟ್ಟಾ ಬಲಪಂಥದ ಎಎಫ್‌ಡಿ ಪಕ್ಷ 2025ರ ಚುನಾವಣೆಯಲ್ಲಿ 20.8% ಮತ ಪಡೆದು ಎರಡನೆಯ ಸ್ಥಾನಕ್ಕೆ ಬಂತು. ನೆರೆಯವನ ಹೆಸರೂ ಗೊತ್ತಿಲ್ಲದೆ ವರ್ಷಗಟ್ಟಲೆ ಒಂದೇ ಕಟ್ಟಡದಲ್ಲಿ ಬದುಕುವ ಜನ ಇಲ್ಲಿದ್ದಾರೆ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವಂಥ ಒಂದು ರಾತ್ರಿ ಇವರಿಗಿಲ್ಲ ಎಂದು ನನಗೆ ಮರುಕವಾಗುತ್ತದೆ.

ನಮಗೆ ಆ ರಾತ್ರಿ ಇದೆ, ಆದರೆ ಅದು ತಾನಾಗಿಯೇ ನಮ್ಮನ್ನು ಕಾಯುತ್ತದೆಂದು ಸುಮ್ಮನಿದ್ದೇವೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಲಾಯಿತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಜರ್ಮನಿಯ ಜನಾಂಗದ್ವೇಷ ಬೇರೆ, ನಮ್ಮ ಜಾತಿ ಬೇರೆ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಹುಟ್ಟಿನಿಂದಲೇ ಒಬ್ಬ ಮೇಲು ಎಂಬ ಬೇರು ಎರಡಕ್ಕೂ ಒಂದೇ. ಬೆಂಕಿ ಇಟ್ಟವನಿಗೆ ಶಿಕ್ಷೆ ಆಗಲೇಬೇಕು, ಕರುಣೆಯ ಹೆಸರಿನಲ್ಲಿ ರಾಜಿ ಪಂಚಾಯ್ತಿ ಮಾಡಿ ಮುಚ್ಚಿಹಾಕುವುದನ್ನು ನಾನು ಕೇಳುತ್ತಿಲ್ಲ. ಮನೆ ಕಳೆದುಕೊಂಡವರ ಕಣ್ಣೀರು ಮೊದಲು. ನಾನು ಕೇಳುತ್ತಿರುವುದು, ಇನ್ನೂ ಕಡ್ಡಿ ಗೀರದ ಹುಡುಗನ ಬಳಿ ಯಾರು ಹೋಗುತ್ತಾರೆ ಎಂದು.

ಹೋಗಬಲ್ಲವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಯಿಂದ ರೊಟ್ಟಿ ತಟ್ಟಿ ಕಳಿಸುವ, ದಾಸೋಹದಲ್ಲಿ ದಿನಗಟ್ಟಲೆ ಬಡಿಸುವ ಜನಕ್ಕೆ ಒಂದು ಹೋಬಳಿಯ ದಾರಿ ತಪ್ಪಿದ ಹುಡುಗರ ಲೆಕ್ಕ ಇಡುವುದು ಕಷ್ಟವಲ್ಲ. ನಿವೃತ್ತ ಮಾಸ್ತರರೊಬ್ಬರು, ಆಶಾ ಕಾರ್ಯಕರ್ತೆಯೊಬ್ಬರು, ಅಂಥ ಗುಂಪು ಬಿಟ್ಟು ಬಂದ ಹುಡುಗನೊಬ್ಬ, ಇವರಿಗೆ ಒಂದು ಕೋಣೆ, ಒಂದು ಫೋನ್, ತಿಂಗಳ ಸಂಬಳ. ಸಂಬಳ ಮುಖ್ಯ, ಪುಕ್ಕಟೆ ಸೇವೆ ಬಹಳ ದಿನ ನಡೆಯುವುದಿಲ್ಲ. ಹುಡುಗನಿಗೆ ಕೆಲಸ ಹುಡುಕಿಕೊಡುವುದೂ ಅವರದೇ ಹೊಣೆ. ಊರಿನ ಗುಡಿಗೆ, ಮಸೀದಿಗೆ ಚಂದಾ ಕಳಿಸುವ ಹೊರನಾಡಿನವರು ಅದರಲ್ಲಿ ಒಂದು ಪಾಲನ್ನು ಇದಕ್ಕೆ ಎತ್ತಿಡಬಹುದು. ಲಿಂಗಸುಗೂರು ತಾಲ್ಲೂಕಿನಲ್ಲಿ ಯಾರಾದರೂ ಕೋಣೆ ತೆರೆದರೆ ಮೊದಲ ವರ್ಷದ ಒಬ್ಬರ ಸಂಬಳ ನನ್ನದು.